ಬೀದಿಯ ಕೊನೆಯ ನಲ್ಲಿ

ನೀರಿನ ವಿಷಯವಾಗಿ ನಮ್ಮ ಕಾರ್ಯಾಲಯಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಹೇಳುತ್ತವೆ. ನಲ್ಲಿ ಇದೆ, ನೀರಿನ ತೆರಿಗೆ ಕಟ್ಟಿದ್ದೇವೆ, ನೀರು ಬಿಡುವ ದಿನ ನೀರೂ ಬರುತ್ತದೆ. ಆದರೆ ಧಾರೆ ಕಿರುಬೆರಳಿನಷ್ಟು ದಪ್ಪವಿಲ್ಲ, ನಾಲ್ಕು ಕೊಡ ತುಂಬುವಷ್ಟರಲ್ಲಿ ಸರದಿಯೇ ಮುಗಿದುಹೋಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಮಿಲ್ ಕೆಲಸಗಾರ ಮಲಗುವ ಬದಲು ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಚಹದಂಗಡಿ ಇಟ್ಟವರು ಬೆಳಗಿನ ವ್ಯಾಪಾರ ಬಿಟ್ಟು ಕ್ಯಾನು ನೀರಿಗೆ ಹಣ ತೆರುತ್ತಾರೆ. ನೀರು ಇಲ್ಲದ ಕಷ್ಟ ಒಂದು ಬಗೆಯದು; ನೀರಿದ್ದೂ ಅದಕ್ಕೆ ಮೇಲೇಳುವ ಶಕ್ತಿ ಇಲ್ಲದ ಕಷ್ಟ ಇನ್ನೊಂದು ಬಗೆಯದು. ಈ ವಾರ ಎರಡನೆಯದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಮನಸ್ಸು ಮಾಡಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. ಕಳೆದ ಬೇಸಿಗೆಯಲ್ಲಿ ನಮ್ಮ ಕಾರ್ಯಾಲಯದ ನಲ್ಲಿಯ ಧಾರೆ ದಿನೇದಿನೇ ಸಣ್ಣದಾಗುತ್ತ ಬಂದಿತು. ನಾವು ಮುಂದೆ ಹಿಂದೆ ನೋಡದೆ ಒಂದು ಬಹಿರಂಗ ಸಭೆಯಲ್ಲಿ ನೀರು ಸರಬರಾಜು ಮಾಡುವವರ ಮೇಲೆ ಅರ್ಧ ಗಂಟೆ ಕಾಲ ಹರಿಹಾಯ್ದೆವು. ಚಪ್ಪಾಳೆಗಳೂ ಬಿದ್ದವು. ಸಭೆ ಮುಗಿದ ಮೇಲೆ, ಮಿಲ್ಲಿನಲ್ಲಿ ಮೂವತ್ತು ವರ್ಷ ಬಾಯ್ಲರು ಪೈಪುಗಳ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಮ್ಮೊಡನೆ ಕಾರ್ಯಾಲಯಕ್ಕೆ ಬಂದರು. ಹಿತ್ತಲಿಗೆ ಹೋಗಿ, ಬಗ್ಗಿ, ಮೀಟರಿನ ಪಕ್ಕದ ವಾಲ್ವನ್ನು ಎರಡು ಸುತ್ತು ತಿರುಗಿಸಿ ನೋಡಿ, "ಮೇಷ್ಟ್ರೇ, ಭಾಷಣ ಚೆನ್ನಾಗಿತ್ತು. ಆದರೆ ನಿಮ್ಮ ವಾಲ್ವು ಒಳಗೇ ಕಡಿದುಹೋಗಿದೆ" ಎಂದರು.

ಗೇಟ್ ವಾಲ್ವು ಎಂಬುದರ ಒಳಗೆ ನಮ್ಮ ಕೆರೆ ತೂಬಿನ ಹಲಗೆಯಂತೆಯೇ ಒಂದು ಸಣ್ಣ ಬಾಗಿಲಿರುತ್ತದೆ. ಹಿಡಿಕೆ ತಿರುಗಿಸಿದರೆ ಅದು ಮೇಲೇಳಬೇಕು. ಹಳೆಯದಾದಾಗ ಹಿಡಿಕೆಯ ಕಡ್ಡಿಗೂ ಬಾಗಿಲಿಗೂ ಇರುವ ಕೊಂಡಿ ಸವೆದು ಕಳಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಹಿಡಿಕೆ ಸಲೀಸಾಗಿ ತಿರುಗುತ್ತದೆ, ವಾಲ್ವು ಪೂರ್ತಿ ತೆರೆದಂತೆ ಕಾಣುತ್ತದೆ. ಒಳಗೆ ಬಾಗಿಲು ಮಾತ್ರ ಅರ್ಧಕ್ಕೆ ಬಿದ್ದುಕೊಂಡಿರುತ್ತದೆ. ನಾವು ಎರಡು ತಿಂಗಳು ಊರನ್ನೆಲ್ಲ ಬೈದದ್ದು ಈ ಅಂಗೈಯಗಲದ ಬಾಗಿಲಿನ ದೆಸೆಯಿಂದ. ಹೊಸ ವಾಲ್ವು ಹಾಕಿಸಿದೆವು. ಬಕೀಟು ತುಂಬಲು ಹಿಡಿಯುತ್ತಿದ್ದ ಹೊತ್ತು ಅರ್ಧಕ್ಕಿಂತ ಕಡಿಮೆಯಾಯಿತು. ಆ ಮೇಲೂ ಧಾರೆ ಇರಬೇಕಾದಷ್ಟು ಇರಲಿಲ್ಲ ಎಂಬುದು ಬೇರೆ ಮಾತು. ಅದನ್ನು ಆಮೇಲೆ ಹೇಳುತ್ತೇವೆ.

ಆ ಹಿರಿಯರು ನಮಗೆ ಕಲಿಸಿದ್ದು ಇಷ್ಟು: ದೂರು ಕೊಡುವ ಮುಂಚೆ ದೋಷ ಮನೆಯೊಳಗಿನದೋ ಬೀದಿಯದೋ ಎಂದು ತಿಳಿದುಕೊಳ್ಳಬೇಕು. ಇದಕ್ಕೆ ಒಂದು ಬಕೀಟು, ಒಂದು ಗಡಿಯಾರ ಸಾಕು. ಉಳಿದ ನಲ್ಲಿಗಳನ್ನೆಲ್ಲ ಮುಚ್ಚಿ, ಒಂದೊಂದೇ ನಲ್ಲಿಯನ್ನು ಪೂರ್ತಿ ತೆರೆದು, 15 ಲೀಟರಿನ ಬಕೀಟು ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆಯಿರಿ. ಮೂರು ನಿಮಿಷವಾದರೆ ನಿಮಿಷಕ್ಕೆ 5 ಲೀಟರ್ ಬಂದಂತಾಯಿತು. ಎಲ್ಲ ನಲ್ಲಿಗಳನ್ನೂ ಅಳೆದಾದ ಮೇಲೆ ಗೋಡೆಯೇ ಉತ್ತರ ಹೇಳುತ್ತದೆ.

ಒಂದೇ ನಲ್ಲಿ ಸಣ್ಣಗೆ ಬಂದು ಉಳಿದವು ಚೆನ್ನಾಗಿದ್ದರೆ ದೋಷ ಆ ನಲ್ಲಿಯಲ್ಲೇ ಇದೆ. ಹೊಸ ಮಾದರಿಯ ನಲ್ಲಿಗಳ ಬಾಯಲ್ಲಿ ಸಣ್ಣ ಜಾಲರಿಯೊಂದಿರುತ್ತದೆ. ಅದನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು. ಮರಳು, ತುಕ್ಕಿನ ಚೂರು, ಕೊಳವೆಬಾವಿಯ ಗಡಸು ನೀರು ಕಟ್ಟಿದ ಬಿಳಿಯ ಹಕ್ಕಳೆ ಅಲ್ಲಿ ಕೂತಿರುತ್ತವೆ. ನಿಂಬೆರಸದಲ್ಲೋ ವಿನಿಗರಿನಲ್ಲೋ ಒಂದು ರಾತ್ರಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ತೀರಿತು. ಹಳೆಯ ಹಿತ್ತಾಳೆ ನಲ್ಲಿಯಾದರೆ ವಾಶರು ಸಡಿಲವಾಗಿ ದಾರಿಗೆ ಅಡ್ಡ ಬಿದ್ದಿರಬಹುದು. ಇದಕ್ಕೆ ಪ್ಲಂಬರನ್ನು ಕರೆಸಿ ಒಂದು ದಿನದ ಕೂಲಿ ಕೊಡಬೇಕಾದ ಅಗತ್ಯವೇನೂ ಇಲ್ಲ.

ಮಾಳಿಗೆಯ ಮೇಲೆ ಟ್ಯಾಂಕು ಇಟ್ಟುಕೊಂಡವರ ಸಂಗತಿ ಬೇರೆ. ನೀರಿನ ಒತ್ತಡ ಹುಟ್ಟುವುದು ಎತ್ತರದಿಂದ. 10 ಅಡಿ ಎತ್ತರದಲ್ಲಿ ನಿಂತ ನೀರು ಕೆಳಗಿನ ನಲ್ಲಿಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 300 ಗ್ರಾಂ ಭಾರ ಹಾಕುತ್ತದೆ. ಟ್ಯಾಂಕು ದೊಡ್ಡದೋ ಚಿಕ್ಕದೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾವು ಮೇಷ್ಟ್ರಾಗಿದ್ದಾಗ ಏಳನೇ ತರಗತಿಯ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತಿದ್ದೆವು, ಮಕ್ಕಳು ನಂಬುತ್ತಿರಲಿಲ್ಲ. ಈಗ ದೊಡ್ಡವರೂ ನಂಬುವುದಿಲ್ಲ. ಪೇಟೆ ಬೀದಿಯ ಕಿರಾಣಿ ವ್ಯಾಪಾರಿಯೊಬ್ಬರು ಸ್ನಾನದ ಮನೆಯಲ್ಲಿ ನೀರು ಸಣ್ಣಗೆ ಬರುತ್ತದೆಂದು 500 ಲೀಟರಿನ ಟ್ಯಾಂಕು ತೆಗೆಸಿ 2000 ಲೀಟರಿನದನ್ನು ಕೂಡಿಸಿದರು. ಮೊದಲಿನಷ್ಟೇ ಬಂತು. ಅದೇ ಹಳೆಯ ಟ್ಯಾಂಕಿನ ಕೆಳಗೆ ನಾಲ್ಕು ಅಡಿಯ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದರೆ ಉಪಯೋಗವಾಗುತ್ತಿತ್ತು. ಮೇಲಿನ ಅಂತಸ್ತಿನ ಷವರಿಗೂ ಟ್ಯಾಂಕಿನ ತಳಕ್ಕೂ ಅಂತರ ನಾಲ್ಕೈದು ಅಡಿ ಮಾತ್ರ ಇರುವ ಮನೆಗಳಲ್ಲಿ ನೀರು ತೊಟ್ಟಿಕ್ಕುವುದು ಸಹಜ. ಕಟ್ಟೆ ಕಟ್ಟಿಸುವಾಗ ಮಾಳಿಗೆ ಅಷ್ಟು ಭಾರ ಹೊರುತ್ತದೆಯೇ ಎಂದು ಗಾರೆ ಮೇಸ್ತ್ರಿಯನ್ನು ಕೇಳುವುದನ್ನು ಮರೆಯಬಾರದು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ.

ಎತ್ತರವಾದ ಮೇಲೆ ಪೈಪಿನ ಮಾತು. ಅರ್ಧ ಅಂಗುಲದ ಪೈಪಿಗೂ ಮುಕ್ಕಾಲು ಅಂಗುಲದ ಪೈಪಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಾಲು ಅಂಗುಲ. ಆದರೆ ಅದೇ ಒತ್ತಡದಲ್ಲಿ ಎರಡನೆಯದು ಹೆಚ್ಚುಕಡಿಮೆ ಮೂರು ಪಟ್ಟು ನೀರನ್ನು ಒಯ್ಯುತ್ತದೆ. ಇದಕ್ಕೆ ತಿರುವುಮುರುವಾಗಿ, ಕಬ್ಬಿಣದ ಹಳೆಯ ಪೈಪಿನ ಒಳಗೆ ತುಕ್ಕು ಬೆಳೆದು ಅರ್ಧ ಅಂಗುಲದ ದಾರಿ ಕಾಲು ಅಂಗುಲವಾಯಿತೆನ್ನಿ, ನೀರು ಅರ್ಧಕ್ಕೆ ಇಳಿಯುವುದಿಲ್ಲ, ಆರರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಇಪ್ಪತ್ತು ಮೂವತ್ತು ವರ್ಷದ ಬಾಡಿಗೆ ವಠಾರಗಳಲ್ಲಿ ನಾವು ಕಂಡ ದೋಷಗಳಲ್ಲಿ ಹೆಚ್ಚಿನದು ಇದೇ. ಬಾಡಿಗೆದಾರ ಪೈಪು ಬದಲಿಸುವ ಹಾಗಿಲ್ಲ, ಮಾಲೀಕರು ಅದೇ ಊರಿನ ಇನ್ನೊಂದು ಕಡೆ ಇರುತ್ತಾರೆ, ಅವರ ನಲ್ಲಿ ಚೆನ್ನಾಗಿಯೇ ಬರುತ್ತಿರುತ್ತದೆ. ಒಂದು ವಠಾರದ ಎಂಟು ಮನೆಯವರು ಸೇರಿ, ಕತ್ತರಿಸಿ ತೆಗೆದ ಪೈಪಿನ ಒಂದು ತುಂಡನ್ನು ಮಾಲೀಕರ ಮೇಜಿನ ಮೇಲೆ ಇಟ್ಟು ಬಂದರು. ಅದರೊಳಗೆ ಬೆರಳು ಹೋಗಲಿ, ಪೆನ್ಸಿಲೂ ಹೋಗುತ್ತಿರಲಿಲ್ಲ. ಹದಿನೈದು ದಿನದಲ್ಲಿ ಪೈಪು ಬದಲಾಯಿತು.

ಟ್ಯಾಂಕಿನ ನೀರು ಒಮ್ಮೆ ಬಂದು ಒಮ್ಮೆ ನಿಂತು ಗೊರಗೊರ ಎಂದರೆ ಪೈಪಿನ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಟ್ಯಾಂಕಿನಿಂದ ಹೊರಡುವ ಪೈಪಿಗೆ ವಾಲ್ವು ದಾಟಿದ ಕೂಡಲೇ ಒಂದು ಕವಲು ಕೊಟ್ಟು, ಅದನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿ ಬಾಯಿ ತೆರೆದು ಬಿಟ್ಟರೆ ಗಾಳಿ ತಾನೇ ಹೊರಗೆ ಹೋಗುತ್ತದೆ. ಬಾಯಿಗೆ ಒಂದು ಬಲೆ ಕಟ್ಟಿ, ಸೊಳ್ಳೆ ಹೋಗದಂತೆ.

ಇಷ್ಟೂ ಮನೆಯೊಳಗಿನ ಮಾತಾಯಿತು. ಇದಕ್ಕೆಲ್ಲ ಪಾಲಿಕೆಯನ್ನಾಗಲಿ ಸರಕಾರವನ್ನಾಗಲಿ ದೂರುವುದು ನ್ಯಾಯವಲ್ಲ. ಆದರೆ ಮನೆಯೊಳಗೆ ಎಲ್ಲ ಸರಿಯಾಗಿದ್ದು, ಬೀದಿಯ ಪೈಪಿನಿಂದ ಬಂದ ಮೊದಲ ನಲ್ಲಿಯೇ ಸಣ್ಣಗೆ ಬಂದರೆ? ಅಲ್ಲಿಂದ ಮುಂದಿನದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬನೇ ಮಾಡಹೊರಟವನು ಮಾಡುವ ಕೆಲಸ ಯಾವುದೆಂದು ಎಲ್ಲರಿಗೂ ಗೊತ್ತಿದೆ. ಪೇಟೆಗೆ ಹೋಗಿ ಅರ್ಧ ಎಚ್.ಪಿ. ಮೋಟಾರು ತಂದು ನೇರವಾಗಿ ಬೀದಿ ಪೈಪಿಗೆ ಕಚ್ಚಿಸುತ್ತಾನೆ.

ನಮ್ಮ ಬೀದಿಯ ಕಥೆಯನ್ನೇ ಹೇಳುತ್ತೇವೆ. ವಾಲ್ವು ಬದಲಿಸಿದ ಮೇಲೂ ನಮ್ಮ ಕಾರ್ಯಾಲಯದಲ್ಲಿ ನೀರು ಸಣ್ಣಗೇ ಬರುತ್ತಿತ್ತೆಂದು ಹೇಳಿದೆವಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪೊಂದನ್ನು ಆ ಹಿರಿಯರು ತಂದರು. ಅದರ ಒಂದು ತುದಿಯನ್ನು ಮೀಟರಿನ ಹತ್ತಿರದ ನಲ್ಲಿಗೆ ಬಿಗಿದು, ಇನ್ನೊಂದು ತುದಿಯನ್ನು ಗೋಡೆಯ ಗುಂಟ ಮಾಳಿಗೆಯ ತನಕ ಎತ್ತಿ ಕಟ್ಟಿ, ನಲ್ಲಿ ತೆರೆದರು. ನೀರು ಪೈಪಿನಲ್ಲಿ ಏರುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ನಿಂತ ಎತ್ತರವೇ ಬೀದಿ ನೀರಿನ ಒತ್ತಡ. ಇಂಜಿನಿಯರುಗಳು ಒತ್ತಡವನ್ನು ಇಷ್ಟು ಮೀಟರ್ ಎಂದು ಹೇಳುವುದು ಇದನ್ನೇ. ನೀರು ನಮ್ಮ ಎದೆಮಟ್ಟಕ್ಕೆ ಬಂದು ನಿಂತಿತು. ನಾವು ನೋಡುತ್ತಿದ್ದಂತೆಯೇ ಬೀದಿಯಲ್ಲಿ ಗುಂಯ್ ಎಂಬ ಸದ್ದು ಕೇಳಿಸಿತು, ಒಂದಾದ ಮೇಲೊಂದು. ನೀರು ಎದೆಯಿಂದ ಮೊಣಕಾಲಿಗೆ ಇಳಿಯಿತು, ಕಡೆಗೆ ಕಾಣದೇ ಹೋಯಿತು.

ಹಿರಿಯರು ಪೈಪಿನ ಮೇಲಿನ ತುದಿಯನ್ನು ಬಿಚ್ಚಿ, ಕಾಯಿಸಿ ಆರಿಸಿದ ಕುಡಿಯುವ ನೀರಿನ ಒಂದು ಬಿಂದಿಗೆಯೊಳಗೆ ಇಳಿಬಿಟ್ಟರು. ಬಿಂದಿಗೆಯ ನೀರು ಸರಸರನೆ ಇಳಿಯತೊಡಗಿತು. ನಲ್ಲಿ ನೀರು ಕೊಡುವ ಬದಲು ನಮ್ಮ ಬಿಂದಿಗೆಯ ನೀರನ್ನೇ ಹೀರಿಕೊಳ್ಳುತ್ತಿತ್ತು! ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೊನೆಯ ಮನೆಯ ಅಜ್ಜಿ, "ಅಲ್ಲ ಮೇಷ್ಟ್ರೇ, ಹಂಗಾದ್ರೆ ನಮ್ಮನೆ ನಲ್ಲಿ ತಗ್ಗಿನಾಗೈತಲ್ಲ, ಆ ತಗ್ಗಿನ ನೀರು?" ಎಂದು ಕೇಳಿದರು. ನಾವು ಸುಮ್ಮನಾದೆವು.

ಧಾರೆ ಸಣ್ಣದಾದಾಗ ನಲ್ಲಿಯನ್ನು ಕೆಳಗಿಳಿಸಲು ಅಂಗಳದಲ್ಲಿ ಎರಡು ಅಡಿ ತಗ್ಗು ತೋಡಿ, ಅದರೊಳಗೆ ಕೊಡ ಇಟ್ಟು ಹಿಡಿಯುವ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಆ ತಗ್ಗಿನಲ್ಲಿ ಪಾತ್ರೆ ತೊಳೆದ ನೀರೂ ನಿಲ್ಲುತ್ತದೆ, ಮಳೆ ಬಂದರೆ ಚರಂಡಿ ನೀರೂ ಇಳಿಯುತ್ತದೆ. ಬೀದಿಯ ಪೈಪು ಚರಂಡಿಯ ಮಗ್ಗುಲಲ್ಲೇ ಹಾದುಹೋಗಿರುತ್ತದೆ. ಒಂದು ಕೀಲು ಸಡಿಲವಾಗಿದ್ದರೂ ಸಾಕು. ಪೈಪಿನ ತುಂಬ ನೀರು ಒತ್ತಿ ನಿಂತಿದ್ದಾಗ ಸೋರುವುದು ಹೊರಕ್ಕೆ. ಒತ್ತಡ ಹೋಗಿ ಮೋಟಾರುಗಳು ಎಳೆಯತೊಡಗಿದರೆ ಸೋರುವುದು ಒಳಕ್ಕೆ. ಎಳೆದವನ ಮನೆಗೂ ಅದೇ ನೀರು ಹೋಗುತ್ತದೆ. ಮೋಟಾರಿಗೆ ಹಣ ಹಾಕಿದವನು ಚರಂಡಿಯ ನೀರನ್ನು ವಿದ್ಯುತ್ ಖರ್ಚು ಮಾಡಿ ಮನೆಗೆ ತಂದುಕೊಳ್ಳುತ್ತಿರಬಹುದು. ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳಿಗೆ ಮನೆಯ ನಂಬರು ಗೊತ್ತಿರುವುದಿಲ್ಲ.

ಇದು ಬರಿಯ ಊಹೆಯಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಹೊಸ ಪೈಪು ಹಾಕಿ ದಿನದ 24 ಗಂಟೆಯೂ ಒತ್ತಡದಿಂದ ನೀರು ಕೊಡತೊಡಗಿದರು. ಉಳಿದ ವಾರ್ಡುಗಳಿಗೆ ಆಗ ಕೆಲವು ದಿನಗಳಿಗೊಮ್ಮೆ ಸರದಿಯ ನೀರು. ಎರಡೂ ಕಡೆಯ ನಲ್ಲಿ ನೀರನ್ನು ಪರೀಕ್ಷಿಸಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಲಿನತೆಯನ್ನು ತೋರುವ ಸೂಕ್ಷ್ಮಜೀವಿಗಳು ಸರದಿಯ ನೀರಿನಲ್ಲೇ ಬಹಳ ಹೆಚ್ಚಾಗಿ ಸಿಕ್ಕವೆಂದು ತಿಳಿಸಿದ್ದಾರೆ. ನದಿ ಅದೇ ಮಲಪ್ರಭೆ. ವ್ಯತ್ಯಾಸವಾದದ್ದು ದಾರಿಯಲ್ಲಿ. ಆ ಯೋಜನೆ ವಿಶ್ವ ಬ್ಯಾಂಕಿನ ಸಾಲದಿಂದ, ಖಾಸಗಿ ಕಂಪನಿಯ ಕೈಯಿಂದ ನಡೆಯಿತೆಂಬುದರ ಬಗ್ಗೆ ನಮ್ಮ ತಕರಾರು ಇದ್ದೇ ಇದೆ. ಆದರೆ ತಕರಾರಿದೆ ಎಂದು ಕಂಡ ಸತ್ಯವನ್ನು ಮುಚ್ಚಿಡಲಾಗದು. ಪೈಪು ಸದಾ ತುಂಬಿ ಒತ್ತಡದಲ್ಲಿದ್ದರೆ ನೀರು ಶುದ್ಧವಾಗಿರುತ್ತದೆ, ಕೊನೆಯ ಮನೆಗೂ ತಲುಪುತ್ತದೆ, ಮೋಟಾರು ಯಾರಿಗೂ ಬೇಕಾಗುವುದಿಲ್ಲ. ಕಂಪನಿಯಿಲ್ಲದೆ ನಮ್ಮದೇ ನಗರ ಸಂಸ್ಥೆಗಳು ಇದನ್ನು ಮಾಡಬೇಕೆಂಬುದು ನಮ್ಮ ಒತ್ತಾಯ.

ಒತ್ತಡ ಎಷ್ಟಿರಬೇಕೆಂಬುದು ಯಾರ ದಯೆಯ ಮಾತೂ ಅಲ್ಲ. ಕೇಂದ್ರ ಸರಕಾರದ 1999ರ ನೀರು ಸರಬರಾಜು ಕೈಪಿಡಿಯಲ್ಲಿಯೇ ಬರೆದಿದೆ: ಬೀದಿಯ ಪೈಪಿನಿಂದ ಮನೆಗೆ ಕವಲು ತೆಗೆಯುವ ಜಾಗದಲ್ಲಿ ಒಂದಂತಸ್ತಿನ ಕಟ್ಟಡಕ್ಕೆ 7 ಮೀಟರ್, ಎರಡಂತಸ್ತಿಗೆ 12, ಮೂರಂತಸ್ತಿಗೆ 17. ಏಳು ಮೀಟರ್ ಎಂದರೆ 23 ಅಡಿ. ನಮ್ಮ ಕಾರ್ಯಾಲಯದಲ್ಲಿ ನೀರು ಎದೆಮಟ್ಟಕ್ಕೆ ನಿಂತಿತ್ತು, ನಾಲ್ಕು ಅಡಿ. 2021ರಲ್ಲಿ ಹೊರಟ ಅಮೃತ್ ಯೋಜನೆಯ ಎರಡನೆಯ ಹಂತ ಪಟ್ಟಣದ ಪ್ರತಿ ಮನೆಗೂ ನಲ್ಲಿ ಕೊಡುವ ಗುರಿ ಇಟ್ಟುಕೊಂಡಿದೆ. ಸಂತೋಷ. ನಲ್ಲಿಗಳನ್ನು ಎಣಿಸುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಪೈಪನ್ನೂ ಹಿಡಿದು ಬನ್ನಿ ಎಂದು ಕೇಳುತ್ತೇವೆ.

ಮೋಟಾರು ಇಟ್ಟವರನ್ನೆಲ್ಲ ಕಳ್ಳರೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮಂಥವರೇ. ಪಕ್ಕದವನು ಇಟ್ಟನೆಂದು ಇವನು ಇಟ್ಟ, ಇವನು ಇಟ್ಟನೆಂದು ಎದುರಿನವನು ಇಟ್ಟ. ಕಡೆಗೆ ಎಲ್ಲರೂ ಇಟ್ಟ ಮೇಲೆ ಯಾರಿಗೂ ಮೊದಲಿಗಿಂತ ಹೆಚ್ಚು ಸಿಗುವುದಿಲ್ಲ; ಮೋಟಾರು ಕೊಳ್ಳಲು ಶಕ್ತಿಯಿಲ್ಲದ ಮನೆಗಳಿಗೆ ಮೊದಲಿನಷ್ಟೂ ಸಿಗುವುದಿಲ್ಲ. ಪಾಲಿಕೆಯವರು ಆಗಾಗ ಬಂದು ನಾಲ್ಕು ಮೋಟಾರು ಜಪ್ತಿ ಮಾಡಿಕೊಂಡು ಹೋಗುತ್ತಾರೆ. ಅದು ಸರಿಯೇ. ಆದರೆ 23 ಅಡಿ ಕೊಡಬೇಕಾದ ಕಡೆ ನಾಲ್ಕು ಅಡಿ ಕೊಟ್ಟವರ ಬಳಿ ಜಪ್ತಿ ಮಾಡುವುದು ಏನನ್ನು?

ನಮ್ಮ ಬೀದಿಯಲ್ಲಿ ಆ ಬಿಂದಿಗೆಯ ಪ್ರಯೋಗವನ್ನು ಮುಂದಿನ ಸರದಿಯ ದಿನ ಎಲ್ಲರ ಎದುರಿಗೆ ಮತ್ತೆ ಮಾಡಿ ತೋರಿಸಿದೆವು. ಹೆಚ್ಚು ಮಾತು ಬೇಕಾಗಲಿಲ್ಲ. ಮೊದಲ ಮನೆಯ ದರ್ಜಿಯವರೇ ಮುಂದಾಗಿ, ಒಂದು ಸರದಿ ಯಾರೂ ಮೋಟಾರು ಹಾಕದೆ ನೋಡೋಣವೆಂದರು. ಅಂದು ನೀರು ಕಾರ್ಯಾಲಯದಲ್ಲಿ ಏಳು ಅಡಿಗೆ ಏರಿತು. ಅಜ್ಜಿಯ ಮನೆಯಲ್ಲಿ ತಗ್ಗಿನಿಂದ ಮೇಲೆ, ಅಂಗಳದ ಮಟ್ಟದಲ್ಲೇ ಕೊಡ ತುಂಬಿತು. ಸ್ಥಳವಿದ್ದ ಐದಾರು ಮನೆಯವರು ನೆಲದೊಳಗೆ ಸಂಪು ಕಟ್ಟಿಸಿಕೊಳ್ಳಲು ಒಪ್ಪಿದ್ದಾರೆ. ರಸ್ತೆಗಿಂತ ತಗ್ಗಿನಲ್ಲಿರುವ ಸಂಪಿಗೆ ಎಷ್ಟೇ ಸಣ್ಣ ಒತ್ತಡದಲ್ಲೂ ನೀರು ತಾನೇ ಇಳಿಯುತ್ತದೆ. ಅಲ್ಲಿಂದ ತಮ್ಮ ನೀರನ್ನು ತಾವು ಮೋಟಾರಿನಿಂದ ಮಾಳಿಗೆಗೆ ಏರಿಸಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಒಬ್ಬ ಮಹಾಶಯರು ಮಾತ್ರ ಇನ್ನೂ ಒಪ್ಪಿಲ್ಲ. ಅವರ ಮೋಟಾರಿನ ಸದ್ದು ಈಗ ಬೀದಿಗೆಲ್ಲ ಗುರುತಾಗಿದೆ.

ಏಳು ಅಡಿಯೆಂದರೂ 23ಕ್ಕೆ ಇನ್ನೂ ಹದಿನಾರು ಅಡಿ ಬಾಕಿ. ಆ ಬಾಕಿ ಬೀದಿಯವರದಲ್ಲ. ಬೀದಿಯ ಮೊದಲ, ನಡುವಿನ, ಕೊನೆಯ ಮನೆಗಳಲ್ಲಿ ಅಳೆದ ಎತ್ತರಗಳನ್ನು ದಿನಾಂಕ ವೇಳೆ ಸಹಿತ ಬರೆದು, ಇಪ್ಪತ್ತೆರಡು ಮನೆಯವರ ಸಹಿಯೊಡನೆ ಮನವಿ ಸಲ್ಲಿಸಿದ್ದೇವೆ. "ನೀರು ಸರಿಯಾಗಿ ಬರುತ್ತಿಲ್ಲ" ಎಂಬ ನಮ್ಮ ಹಳೆಯ ಮನವಿಗಳಿಗೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತಿತ್ತು. ಈ ಸಲ ಕಿರಿಯ ಇಂಜಿನಿಯರರೇ ಬಂದು, ಬೀದಿಯ ತಿರುವಿನಲ್ಲಿ ನೆಲ ಅಗೆಸಿ ನೋಡಿದರು. ಮೊದಲು ಹತ್ತು ಮನೆಗೆಂದು ಹಾಕಿದ್ದ ಎರಡು ಅಂಗುಲದ ಪೈಪೇ ಈಗಲೂ ಇದೆ. ಬದಲಿಸಲು ಅಂದಾಜು ಪಟ್ಟಿ ತಯಾರಿಸುತ್ತೇವೆಂದು ಹೇಳಿ ಹೋಗಿದ್ದಾರೆ. ಅಂದಾಜು ಪಟ್ಟಿ ಯಾವ ಮೇಜಿನ ಮೇಲಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿ ಹಾಕಿದ್ದೇವೆ. 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರವನ್ನು ಇದೇ ಅಂಕಣದಲ್ಲಿ ಅಚ್ಚುಮಾಡುತ್ತೇವೆ.

ನಲವತ್ತು ಅಡಿ ಉದ್ದದ ಆ ಪ್ಲಾಸ್ಟಿಕ್ ಪೈಪು, ಬಿಗಿಯುವ ಎರಡು ಕ್ಲಿಪ್ಪುಗಳ ಸಮೇತ, ಕಾರ್ಯಾಲಯದ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದೆ. ಬೇರೆ ಬೀದಿಗಳವರು ಹೆಸರು ಬರೆದಿಟ್ಟು ಒಯ್ಯಬಹುದು. ನೀರು ಬಿಡುವ ಹೊತ್ತಿಗೆ ಮೊದಲ ಮನೆಯಲ್ಲಿ ಒಮ್ಮೆ, ಕೊನೆಯ ಮನೆಯಲ್ಲಿ ಒಮ್ಮೆ ಅಳೆಯಿರಿ. ಎರಡನ್ನೂ ಬರೆದು ತನ್ನಿ. ಪೈಪನ್ನು ಒಣಗಿಸಿ ಮರಳಿ ಮೊಳೆಗೆ ಹಾಕಬೇಕೆಂದು ಕೋರುತ್ತೇವೆ.